ಲುಮೆ ಎಲ್ಲಿಂದ ಬಂತು? ಕರವ ದ್ವೀಪದ ಭಾಷೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಾನಿರುವುದು ಬಾಗಲಕೋಟೆಯ ನವನಗರದಲ್ಲಿ. ಕೆಲವು ವರ್ಷಗಳಿಂದ ಕರವ ಅನ್ನುವ ಕಲ್ಪನೆಯ ದ್ವೀಪದ ಕಥೆಗಳನ್ನು ಬರೆಯುತ್ತಿದ್ದೇನೆ. ಆ ದ್ವೀಪದ ಜನ ಆಡುವ ಮಾತಿನ ಹೆಸರು ಲುಮೆ. ಕಥೆ ಓದಿದವರು ಕಥೆಗಿಂತ ಜಾಸ್ತಿ ಈ ಮಾತಿನ ಬಗ್ಗೆ ಕೇಳುತ್ತಾರೆ. ನನಗೂ ಅದೇ ಇಷ್ಟದ ವಿಷಯ. ಕೇಳಿದ ಪ್ರಶ್ನೆಗಳಿಗೆಲ್ಲ ಇಲ್ಲಿ ಒಂದೇ ಕಡೆ ಉತ್ತರ ಬರೆದಿದ್ದೇನೆ.

ಲುಮೆ ಅಂದರೆ ಏನು?

ಕರವದ ಕಲ್ಲುಗಣಿಗಳಲ್ಲಿ ಹುಟ್ಟಿದ ಕ್ರಿಯೋಲ್ ಭಾಷೆ. ಯಜಮಾನರ ಭಾಷೆ ಇಶ್ಮಾರಿ. ಅದರಲ್ಲಿ "ಎತ್ತು" ಅನ್ನುವುದಕ್ಕೆ "ಅಸ್ಲುಮೆತ್" ಅನ್ನುತ್ತಾರೆ. ಗಣಿಗೆ ಬಂದ ಆಳುಗಳು ದಿನಕ್ಕೆ ನೂರು ಸಲ ಕೇಳುತ್ತಿದ್ದ ಮಾತು ಇದೊಂದೇ. ಅವರ ಕಿವಿಗೆ ಉಳಿದದ್ದು ನಡುವಿನ "ಲುಮೆ". ಮೊದಲು ಅದರ ಅರ್ಥ ಎತ್ತುವುದು. ಆಮೇಲೆ ಕೆಲಸ ಮಾಡುವುದು. ಮಕ್ಕಳ ಕಾಲಕ್ಕೆ ಮಾತಾಡುವುದು ಅಂತಲೂ ಆಯಿತು. ಕೊನೆಗೆ ಭಾಷೆಗೇ ಆ ಹೆಸರು ನಿಂತಿತು.

ಕ್ರಿಯೋಲ್ ಅಂದರೆ ಕಲಬೆರಕೆ ಭಾಷೆ ಅಲ್ವಾ?

ಅಲ್ಲ. ಎಲ್ಲಕ್ಕಿಂತ ಜಾಸ್ತಿ ಬರುವ ಪ್ರಶ್ನೆ ಇದು. ಸ್ವಲ್ಪ ಉದ್ದ ಹೇಳುತ್ತೇನೆ.

ಬೇರೆ ಬೇರೆ ಭಾಷೆಯ ಜನರನ್ನು ಒಂದೇ ಕಡೆ ತಂದು ದುಡಿಸಿದಾಗ ಅವರು ಹೇಗೋ ಮಾತಾಡಲೇಬೇಕು. ಆಗ ಒಂದು ಕೆಲಸದ ಮಾತು ಹುಟ್ಟುತ್ತದೆ. ಪದ ಕಡಿಮೆ, ಕಾಲ ಇಲ್ಲ, ವಿಭಕ್ತಿ ಇಲ್ಲ, ಕೈಸನ್ನೆ ಜಾಸ್ತಿ. ಇದಕ್ಕೆ ಪಿಜಿನ್ ಅನ್ನುತ್ತಾರೆ. ಪಿಜಿನ್ ಯಾರ ತಾಯಿನುಡಿಯೂ ಅಲ್ಲ. ಕೆಲಸ ಮುಗಿಸಿ ಗುಡಿಸಲಿಗೆ ಹೋದರೆ ಅವರವರ ಮಾತು ಅವರವರಿಗೆ.

ಆಮೇಲೆ ಮಕ್ಕಳು ಹುಟ್ಟುತ್ತಾರೆ. ಅಪ್ಪನ ಭಾಷೆ ಅವ್ವನಿಗೆ ಬಾರದು. ಅವ್ವನ ಭಾಷೆ ನೆರೆಯವರಿಗೆ ಬಾರದು. ಮಗುವಿನ ಸುತ್ತ ಎಲ್ಲರ ಬಾಯಲ್ಲೂ ಇರುವುದು ಆ ಪಿಜಿನ್ ಮಾತ್ರ. ಮಗು ಅದನ್ನೇ ಹಿಡಿಯುತ್ತದೆ. ಆದರೆ ಹಿಡಿದಷ್ಟಕ್ಕೇ ಬಿಡುವುದಿಲ್ಲ. ಕನಸು ಹೇಳಬೇಕು, ಜಗಳ ಆಡಬೇಕು, ಸುಳ್ಳು ಹೇಳಬೇಕು, ನಾಳೆ ಆಡೋಣ ಅನ್ನಬೇಕು. ಮಕ್ಕಳು ಸೇರಿ ಆ ಮಾತಿಗೆ ಕಾಲ, ಕಟ್ಟು, ನಿಯಮ ಎಲ್ಲ ತುಂಬುತ್ತಾರೆ. ಅದು ಪೂರ್ತಿ ಭಾಷೆ ಆಗುತ್ತದೆ. ಅದೇ ಕ್ರಿಯೋಲ್. ಈ ಪದದ ಬೇರು ಪೋರ್ಚುಗೀಸರ "ಕ್ರಿಯಾರ್", ಅಂದರೆ ಸಾಕಿ ಬೆಳೆಸುವುದು. ಬೆರಸುವುದಕ್ಕೂ ಅದಕ್ಕೂ ಸಂಬಂಧ ಇಲ್ಲ.

ಕಲಬೆರಕೆ ಅನ್ನುವ ಪದ ನನಗೆ ನೋವು ಕೊಡುತ್ತದೆ. ಹೈಟಿಯ ಕ್ರಿಯೋಲನ್ನು ತುಂಬಾ ಕಾಲ ಕೆಟ್ಟ ಫ್ರೆಂಚ್ ಅಂತ ಹೀಗಳೆದರು. 1804ರಲ್ಲೇ ಸ್ವತಂತ್ರವಾದ ದೇಶ ಅದು. ಅಲ್ಲಿನ ಜನರೆಲ್ಲ ಆಡುವ ಭಾಷೆ ಅಧಿಕೃತ ಆಗಲು 1987ರ ಸಂವಿಧಾನ ಬರಬೇಕಾಯಿತು. ನಾನು ಓದಲು ಬೆಂಗಳೂರಿಗೆ ಹೋದಾಗ ತರಗತಿಯಲ್ಲಿ "ಹೋಗೇನಿ, ಬಂದೇನಿ" ಅಂದೆ. "ಮೊದಲು ಸರಿಯಾಗಿ ಕನ್ನಡ ಕಲಿತು ಬಾ" ಅಂದರು. ನಮ್ಮ ಮಾತು ಕ್ರಿಯೋಲ್ ಅಲ್ಲ, ಆ ವಿಷಯ ಮುಂದೆ ಬರುತ್ತದೆ. ಆದರೆ ಹೀಗಳೆಯುವ ರೀತಿ ಮಾತ್ರ ಎಲ್ಲ ಕಡೆ ಒಂದೇ.

ಈ ಯೋಚನೆ ಎಲ್ಲಿಂದ ಹುಟ್ಟಿತು?

ಪಟ್ಟದಕಲ್ಲಿನಿಂದ. ಅಲ್ಲಿ ಒಂದೇ ಬಯಲಿನಲ್ಲಿ ಉತ್ತರದ ಶೈಲಿಯ ಶಿಖರವೂ ಇದೆ, ದಕ್ಷಿಣದ ಶೈಲಿಯ ವಿಮಾನವೂ ಇದೆ. ಶಾಲೆಯ ಪ್ರವಾಸದಲ್ಲಿ ನೋಡಿದ್ದೆ. ದೊಡ್ಡವನಾದ ಮೇಲೆ ಒಂದು ಮಧ್ಯಾಹ್ನ ಒಬ್ಬನೇ ಹೋಗಿ ವಿರೂಪಾಕ್ಷ ಗುಡಿಯ ನೆರಳಲ್ಲಿ ಕೂತಿದ್ದೆ. ಅಲ್ಲಿನ ಶಾಸನ ಆ ಗುಡಿ ಕಟ್ಟಿದ ಸೂತ್ರಧಾರಿ ಗುಂಡನ ಹೆಸರು ಹೇಳುತ್ತದೆ. ಕೆತ್ತಿದವರ ಹೆಸರುಗಳೂ ಕಲ್ಲಿನ ಮೇಲಿವೆ. ಆದರೆ ಕಲ್ಲು ಎತ್ತುವಾಗ ಆಳುಗಳು ಕೂಗಿದ ಮಾತು ಉಳಿದಿಲ್ಲ. ಕಲ್ಲಿಗೆ ಹಗ್ಗ ಕಟ್ಟಿ ಹತ್ತು ಜನ ಎಳೆಯಬೇಕಾದರೆ ಎಲ್ಲರೂ ಒಂದೇ ಗಳಿಗೆಗೆ ಒಂದೇ ಮಾತು ಕೂಗಬೇಕು. ಇಲ್ಲದಿದ್ದರೆ ಕೈ ಹೋಗುತ್ತದೆ, ಜೀವ ಹೋಗುತ್ತದೆ. ಆ ಹತ್ತು ಜನರ ಭಾಷೆ ಹತ್ತು ಆಗಿದ್ದರೆ? ಕರವ ಶುರುವಾದದ್ದು ಈ ಪ್ರಶ್ನೆಯಿಂದ.

ಇನ್ನೊಂದು ಕಡೆಯಿಂದಲೂ ಬಂತು. ಆಲಮಟ್ಟಿಯ ಹಿನ್ನೀರು ಬಂದು ಹಳೇ ಬಾಗಲಕೋಟೆಯ ಎಷ್ಟೋ ಓಣಿ ಮುಳುಗಿದವು. ಆ ಮನೆಗಳವರು ನವನಗರದ ಸೆಕ್ಟರುಗಳಿಗೆ ಬಂದರು. ನನ್ನ ಜೊತೆ ಆಡುತ್ತಿದ್ದ ಹುಡುಗರಲ್ಲಿ ಉರ್ದು ಮನೆಯವರಿದ್ದರು, ಲಂಬಾಣಿ ಮನೆಯವರಿದ್ದರು, ಮನೆಯಲ್ಲಿ ಸಾವಜಿ ಮಾತಾಡುವವರೂ ಇದ್ದರು. ಲಗೋರಿ ಆಡುವಾಗ ನಮ್ಮದೇ ಒಂದು ಮಾತು ಹುಟ್ಟಿತ್ತು. ದೊಡ್ಡವರಾದ ಮೇಲೆ ಅದು ಮಾಯವಾಯಿತು. ಯಾಕೆ ಮಾಯವಾಯಿತು ಅಂತ ತುಂಬಾ ದಿನ ತಲೆ ಕೆಡಿಸಿಕೊಂಡೆ. ಎಲ್ಲರ ಮನೆಯಲ್ಲೂ ಒಂದು ಪೂರ್ತಿ ಭಾಷೆ ಇತ್ತು. ಸಂಜೆ ಆದರೆ ಎಲ್ಲರೂ ಆ ಭಾಷೆಗೆ ವಾಪಸ್ ಹೋಗುತ್ತಿದ್ದೆವು. ಕರವದ ಮಕ್ಕಳಿಗೆ ವಾಪಸ್ ಹೋಗಲು ಅಂಥ ಭಾಷೆ ಇರಲಿಲ್ಲ.

ಕರವಕ್ಕೆ ಯಾರು ಬಂದರು, ಯಾಕೆ ಬಂದರು?

ಕರವದಲ್ಲಿ ಮೊದಲು ಯಾರೂ ಇರಲಿಲ್ಲ. ನೀಲಿ ಕಲ್ಲು ಮಾತ್ರ ಇತ್ತು. ಆ ಕಲ್ಲಿನ ಆಸೆಗೆ ಇಶ್ಮಾರರು ಹಡಗಿನಲ್ಲಿ ಬಂದರು. ದುಡಿಯಲು ಮೂರು ಕಡೆಯಿಂದ ಜನರನ್ನು ಹಿಡಿದು ತಂದರು. ಜೌಗು ನೆಲದ ಡುವರು, ಗುಡ್ಡದ ತೊರಗರು, ಮರಳುಗಾಡಿನ ಆಡು ಕಾಯುವ ನಿಯ್ಯರು. ಒಂದೇ ಊರಿನವರನ್ನು ಒಂದೇ ಗಣಿಗೆ ಹಾಕುತ್ತಿರಲಿಲ್ಲ. ಮಾತು ಕೂಡಿದರೆ ದಂಗೆ ಎದ್ದಾರು ಅನ್ನುವ ಭಯ.

ಮೊದಲ ಹಡಗಿನಲ್ಲಿ 9 ಯಜಮಾನರು, 300 ಆಳುಗಳು. 15 ವರ್ಷದ ಹೊತ್ತಿಗೆ 60 ಯಜಮಾನರು, 2,000 ಆಳುಗಳು. ಈ ಲೆಕ್ಕ ಸುಮ್ನೆ ಹಾಕಿದ್ದಲ್ಲ. ಹೈಟಿ ಆಗ ಫ್ರೆಂಚರ ಸಕ್ಕರೆ ವಸಾಹತು. 1790ರ ಸುಮಾರಿಗೆ ಅಲ್ಲಿ 5 ಲಕ್ಷದ ಹತ್ತಿರ ಗುಲಾಮರಿದ್ದರು. ಬಿಳಿಯರ ಸಂಖ್ಯೆ ಅದರ ಹತ್ತನೇ ಒಂದು ಪಾಲಿಗಿಂತ ಕಡಿಮೆ. ಹತ್ತು ಜನ ಆಳುಗಳಿಗೆ ಹತ್ತು ಜನ ಯಜಮಾನರಿದ್ದರೆ ಆಳಿನ ಮಗು ಯಜಮಾನನ ಭಾಷೆಯನ್ನೇ ನೇರವಾಗಿ ಕಲಿತುಬಿಡುತ್ತದೆ. ಹೊಸ ಭಾಷೆ ಹುಟ್ಟುವುದಿಲ್ಲ. ಯಜಮಾನ ದೂರ ಇರಬೇಕು. ಅವನ ಪದ ಕಿವಿಗೆ ಬೀಳಬೇಕು, ಪೂರ್ತಿ ಮಾತು ಬೀಳಬಾರದು.

ಪದಗಳೆಲ್ಲ ಯಜಮಾನರದ್ದೇ ಯಾಕೆ? ಆಳುಗಳು ಜಾಸ್ತಿ ಇದ್ದರಲ್ಲ?

ಮೂರು ಗುಂಪಿಗೂ ಸಮಾನವಾಗಿ ಗೊತ್ತಿದ್ದ ಪದಗಳು ಅವು ಮಾತ್ರ. ಡುವನ ಪದ ತೊರಗನಿಗೆ ಗೊತ್ತಿಲ್ಲ. ಆದರೆ ಚಾವಟಿಯ ಜೊತೆ ಬಂದ ಪದ ಇಬ್ಬರಿಗೂ ಗೊತ್ತು. ಹಾಗಾಗಿ "ಅರ್ಗೇಸುತ್" ಹೋಗಿ "ಗೇಸು" ಆಯಿತು, ಅಂದರೆ ಕಲ್ಲು. "ಉಷ್ಟೋವಿನ್" ಹೋಗಿ "ಟೋವಿ" ಆಯಿತು, ನೀರು. "ಅಷ್ಬೇಮಿನ್" ಹೋಗಿ "ಬೇಮಿ" ಆಯಿತು, ಮನುಷ್ಯ.

ಉದುರಿ ಹೋದ ಚೂರುಗಳ ಕಥೆ ನನಗೆ ತುಂಬಾ ಮುಖ್ಯ. ಇಶ್ಮಾರಿಯಲ್ಲಿ ಕ್ರಿಯಾಪದದ ಮೊದಲಿಗೆ ಬರುವ "ಅಸ್" ಅಂದರೆ ಮೇಲಿನವನು ಕೆಳಗಿನವನಿಗೆ ಹೇಳುತ್ತಿದ್ದಾನೆ ಅಂತ. ಕೆಳಗಿನವನು ಮೇಲಿನವನಿಗೆ ಹೇಳುವಾಗ ಬೇರೆ ಚೂರು. ಆಳುಗಳು ತಮ್ಮೊಳಗೆ ಮಾತಾಡುವಾಗ ಈ ಚೂರು ಯಾರಿಗೂ ಬೇಕಾಗಲಿಲ್ಲ. ಅದಕ್ಕೇ ಲುಮೆಯಲ್ಲಿ ನೀನು, ನೀವು ಅನ್ನುವ ಭೇದ ಇಲ್ಲ. ಎಲ್ಲರೂ "ಹೆ".

ಯಜಮಾನರದ್ದಲ್ಲದ ಪದಗಳೂ ಇವೆ. ಅಡುಗೆಯ ಪದಗಳು ಡುವರವು. ಗಂಜಿಗೆ "ಒಪ್ಪೊ" ಅನ್ನುತ್ತಾರೆ. ಯಜಮಾನರು ಆಳುಗಳಿಗೆ ಅಡುಗೆ ಮಾಡಿ ಹಾಕಲಿಲ್ಲ, ಹಾಗಾಗಿ ಆ ಪದ ಅವರಿಂದ ಬರಲಿಲ್ಲ. ಮಲಗುವುದಕ್ಕೆ "ಆಲೊ", ಇದು ನಿಯ್ಯರ ಪದ. ಬೈಗುಳಗಳೆಲ್ಲ ತೊರಗರವು. ಯಜಮಾನನಿಗೆ ತಿಳಿಯದ ಹಾಗೆ ಬೈಯಬೇಕಲ್ಲ. ನಮ್ಮಲ್ಲೂ ನೋಡಿ, "ಪಗಾರ" ಪೋರ್ಚುಗೀಸರದ್ದು, "ಚಾವಿ" ಪೋರ್ಚುಗೀಸರದ್ದು, ಮರಾಠಿ ದಾಟಿ ನಮ್ಮ ಬಾಯಿಗೆ ಬಂದವು. "ರೊಟ್ಟಿ ಬಡಿ" ಅನ್ನುವುದಕ್ಕೆ ಯಾರ ಪದವೂ ಬೇಕಾಗಲಿಲ್ಲ.

ಹಾಗಾದರೆ ವ್ಯಾಕರಣ ಎಲ್ಲಿಂದ ಬಂತು?

ಈ ವಿಷಯದಲ್ಲಿ ಭಾಷಾ ವಿದ್ವಾಂಸರೇ ಎರಡು ಪಾಳೆಯ. ಡೆರೆಕ್ ಬಿಕರ್ಟನ್ ಹವಾಯಿಯ ಕಬ್ಬಿನ ತೋಟಗಳ ಮಾತನ್ನು ನೋಡಿ, ವ್ಯಾಕರಣ ಮಕ್ಕಳ ತಲೆಯೊಳಗೇ ಇರುತ್ತದೆ, ಅವರೇ ಕಟ್ಟುತ್ತಾರೆ ಅಂದರು. ಹಾಗಲ್ಲ, ಆಳುಗಳ ಹಳೆಯ ಭಾಷೆಗಳ ವ್ಯಾಕರಣವೇ ಹೊಸ ಪದಗಳ ಕೆಳಗೆ ಬದುಕಿರುತ್ತದೆ ಅನ್ನುವವರು ಇನ್ನೊಂದು ಕಡೆ. ಪಾಪುವಾ ನ್ಯೂಗಿನಿಯ ಟೋಕ್ ಪಿಸಿನ್ ಭಾಷೆ ನೋಡಿದರೆ ಎರಡನೆಯದು ಬಲವಾಗಿ ಕಾಣುತ್ತದೆ. ಪದ ಇಂಗ್ಲಿಷಿನದು, ಕಟ್ಟು ಅಲ್ಲಿನ ದ್ವೀಪಗಳದ್ದು. ನಾನು ಲುಮೆಯಲ್ಲಿ ಎರಡಕ್ಕೂ ಜಾಗ ಕೊಟ್ಟಿದ್ದೇನೆ. ವಾಕ್ಯದ ಕಟ್ಟು ಹಿರಿಯರಿಂದ. ಕಾಲ ಮಕ್ಕಳಿಂದ.

ಕಾಲದ ಕಥೆ ಹೀಗಿದೆ. ಸಂಜೆ ಗಣಿಯ ಗಂಟೆ ಬಾರಿಸಿದರೆ ಕೆಲಸ ಮುಗಿಯಿತು. ಆಳುಗಳು "ಟೊಂ" ಅಂತ ಆ ಸದ್ದನ್ನೇ ಹೇಳುತ್ತಿದ್ದರು. "ಜು ಗೇಸು ಲುಮೆ, ಟೊಂ." ನಾನು ಕಲ್ಲು ಎತ್ತು, ಗಂಟೆ. ಮಕ್ಕಳು ಅದನ್ನು ಕ್ರಿಯಾಪದಕ್ಕೆ ಅಂಟಿಸಿಬಿಟ್ಟರು. "ಜು ಒಪ್ಪೊ ನೊಕ ಟೊಂ" ಅಂದರೆ ನಾನು ಗಂಜಿ ಉಂಡೆ. ಉಣ್ಣುವುದಕ್ಕೆ ಯಾರೂ ಗಂಟೆ ಬಾರಿಸುವುದಿಲ್ಲ. ಮಕ್ಕಳಿಗೆ ಅದು ಗಂಟೆಯೇ ಅಲ್ಲ, ಬರೀ ಮುಗಿಯಿತು ಅನ್ನುವ ಗುರುತು. ಟೋಕ್ ಪಿಸಿನ್‌ನಲ್ಲೂ ಇಂಗ್ಲಿಷಿನ "ಫಿನಿಶ್" ಹೀಗೇ "ಪಿನಿಸ್" ಆಗಿ ಕ್ರಿಯಾಪದ ಆದ ಮೇಲೆ ನಿಂತಿದೆ. ನಾವು "ಊಟ ಆತು" ಅನ್ನುತ್ತೇವಲ್ಲ, ಆ "ಆತು" ಇದ್ದ ಹಾಗೆ.

ಮುಂದಿನ ಕಾಲದ ಗುರುತು "ಸಿ". ಆಳುಗಳು ಕೂಲಿ ಕೇಳಿದಾಗಲೆಲ್ಲ ಯಜಮಾನರು "ಹಡಗು ಬರಲಿ" ಅನ್ನುತ್ತಿದ್ದರು. ಹಡಗಿಗೆ ಇಶ್ಮಾರಿಯಲ್ಲಿ "ಏರ್ಸಿಲಾತ್". ಆಳುಗಳ ಬಾಯಲ್ಲಿ "ಸಿಲಾ". ಕೂಲಿ ಸಿಲಾ, ಬಟ್ಟೆ ಸಿಲಾ, ಊರಿಗೆ ಹೋಗುವುದು ಸಿಲಾ. ಎಲ್ಲ ಹಡಗು ಬಂದ ಮೇಲೆ. ಆ ಹಡಗು ಬರಲೇ ಇಲ್ಲ. ಮಕ್ಕಳು ಸಿಲಾವನ್ನು ಸವೆಸಿ "ಸಿ" ಮಾಡಿದರು. "ಜು ಟೋವಿ ನೊಕ ಸಿ." ನಾನು ನೀರು ಕುಡಿಯುತ್ತೇನೆ, ಆಮೇಲೆ. ನನ್ನ ಎರಡನೇ ಕಥೆಯಲ್ಲಿ ಒಬ್ಬ ಮುದುಕಿ ಮೊಮ್ಮಗನ ಬಾಯಲ್ಲಿ "ಸಿ" ಕೇಳಿದಾಗಲೆಲ್ಲ ಸಮುದ್ರದ ಕಡೆ ತಿರುಗುತ್ತಾಳೆ. ಹುಡುಗನಿಗೆ ಅಜ್ಜಿ ಯಾಕೆ ತಿರುಗುತ್ತಾಳೆ ಅಂತ ಗೊತ್ತಿಲ್ಲ. ಅವನಿಗೆ "ಸಿ" ಅಂದರೆ ಬರೀ ನಾಳೆ.

"ನಾವು" ಅನ್ನುವುದಕ್ಕೆ ಎರಡು ಪದ ಯಾಕೆ?

"ಜುಹೆ" ಅಂದರೆ ನಾನು ಮತ್ತು ನೀನು. "ಜುಕೊ" ಅಂದರೆ ನಾವು, ನಿನ್ನನ್ನು ಬಿಟ್ಟು. ಈಗಿನ ಕನ್ನಡದಲ್ಲಿ ಒಂದೇ "ನಾವು". ಆದರೆ ಬೆಳಗಾವಿ ಕಡೆ ಮರಾಠಿ ಬಲ್ಲವರಿಗೆ ಇದು ಹೊಸದಲ್ಲ. ಮರಾಠಿಯ "ಆಪಣ", "ಆಮ್ಹೀ" ಇದೇ ಭೇದ. ಟೋಕ್ ಪಿಸಿನ್‌ನಲ್ಲಿ "ಯುಮಿ", "ಮಿಪೆಲಾ". ಕರವದಲ್ಲಿ ಈ ಭೇದ ತೊರಗರ ಭಾಷೆಯಿಂದ ಬಂತು, ಉಳಿದದ್ದು ಗಣಿಯ ಅಗತ್ಯದಿಂದ. ಯಜಮಾನ ಎದುರು ನಿಂತಾಗ "ನಾವು" ಅಂದರೆ ಯಾರು ಅನ್ನುವುದು ಜೀವದ ಪ್ರಶ್ನೆ.

ನಮ್ಮ ಬೆಳಗಾವಿ ಕಡೆಯ ಮಾತೂ ಕ್ರಿಯೋಲ್ ಅಲ್ವಾ?

ಅಲ್ಲ. ಆದರೆ ಈ ಪ್ರಶ್ನೆ ಕೇಳಿದವರು ಸರಿಯಾದ ಜಾಗಕ್ಕೇ ಕೈ ಹಾಕಿದ್ದಾರೆ.

ಕಾಗವಾಡ ದಾಟಿ ಮೀರಜ್ ಕಡೆ ಹೋದರೆ ಸಾಂಗ್ಲಿ ಹತ್ತಿರ ಕುಪ್ವಾಡ ಅಂತ ಊರಿದೆ. ಅಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು ನೂರಾರು ವರ್ಷ ಅಕ್ಕಪಕ್ಕ ಬದುಕಿವೆ. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಅನ್ನುವ ವಿದ್ವಾಂಸರು ಅಲ್ಲಿನ ಮಾತಿನ ಬಗ್ಗೆ 1971ರಲ್ಲಿ ಬರೆದರು. ಭಾಷಾಶಾಸ್ತ್ರ ಓದುವವರಲ್ಲಿ ತುಂಬಾ ಜನ ಆ ಲೇಖನವನ್ನು ಓದುತ್ತಾರೆ. ಅವರು ಕಂಡದ್ದು ಇದು. "ಸೊಪ್ಪು ಜರಾ ಕೊಯ್ದು ತಗೊಂಡು ಬಂದೆ" ಅನ್ನುವ ಮಾತನ್ನು ಕುಪ್ವಾಡದ ಕನ್ನಡದಲ್ಲಿ ಹೇಳಿ, ಮರಾಠಿಯಲ್ಲಿ ಹೇಳಿ, ಉರ್ದುವಿನಲ್ಲಿ ಹೇಳಿ. ಒಂದರ ಕೆಳಗೆ ಒಂದು ಬರೆದರೆ ಪದಕ್ಕೆ ಪದ ಕೂಡುತ್ತದೆ. "ಜರಾ" ಮೂರರಲ್ಲೂ "ಜರಾ". ಲಿಂಗದ ಲೆಕ್ಕದಲ್ಲಿ ಅಲ್ಲಿನ ಮರಾಠಿ ಕನ್ನಡದ ದಾರಿ ಹಿಡಿದಿದೆ. ಬೇರೆ ಕಡೆಯ ಮರಾಠಿಯಲ್ಲಿ ನದಿ ಹೆಣ್ಣು. ಕುಪ್ವಾಡದ ಮರಾಠಿಯಲ್ಲಿ ನದಿ "ಅದು".

ವ್ಯಾಕರಣ ಇಷ್ಟು ಹತ್ತಿರ ಬಂದರೂ ಪದಗಳು ಬಹುತೇಕ ಬೇರೆಯಾಗಿಯೇ ಉಳಿದವು. ಯಾಕೆ? ಪ್ರತಿ ಮನೆಯ ಮಗುವೂ ತನ್ನ ಮನೆಯ ಮಾತನ್ನೇ ಅವ್ವನಿಂದ ಕಲಿಯಿತು. ಎಳೆ ಎಲ್ಲೂ ಹರಿಯಲಿಲ್ಲ. ಇಳಕಲ್ಲಿನ ಸೀರೆಯಲ್ಲಿ ಒಡಲನ್ನೂ ಸೆರಗನ್ನೂ ಕೊಂಡಿಯಿಂದ ಜೋಡಿಸುತ್ತಾರೆ. ಎರಡೂ ಸೇರಿ ಒಂದೇ ಸೀರೆ, ಆದರೆ ಒಡಲು ಒಡಲೇ, ಸೆರಗು ಸೆರಗೇ. ಕುಪ್ವಾಡ ಹಾಗೆ. ಕರವದಲ್ಲಿ ಎಳೆಗಳೇ ಹರಿದು ಹೋಗಿದ್ದವು. ಮಕ್ಕಳು ಬೀದಿಯಲ್ಲಿ ಬಿದ್ದ ದಾರ ಆಯ್ದು ಹೊಸ ಸೀರೆ ನೇಯ್ದರು.

ಒಂದು ಭಾಷೆ ಕ್ರಿಯೋಲ್ ಹೌದೋ ಅಲ್ಲವೋ ಅಂತ ನೋಡಲು ನಾನು ಮೊದಲು ಪದಗಳ ಪಟ್ಟಿ ತೆಗೆಯುವುದಿಲ್ಲ. ಅವ್ವನಿಂದ ಮಗುವಿಗೆ ಮಾತು ದಾಟುವುದು ಎಲ್ಲಿಯಾದರೂ ನಿಂತಿತ್ತಾ ಅಂತ ಕೇಳುತ್ತೇನೆ.

ವಿಜಯಪುರದ ದಖ್ಖನಿ ಉರ್ದು ಕ್ರಿಯೋಲ್ ಅಲ್ವಾ?

ಅದೂ ಅಲ್ಲ. 1327ರಲ್ಲಿ ಮುಹಮ್ಮದ್ ಬಿನ್ ತುಘಲಕ್ ದೆಹಲಿಯ ಜನರನ್ನು ದೌಲತಾಬಾದಿಗೆ ಕಳಿಸಿದ. 1347ರಲ್ಲಿ ಬಹಮನಿ ರಾಜ್ಯ ಹುಟ್ಟಿತು, 1490ರಲ್ಲಿ ಆದಿಲ್‌ಶಾಹಿ. ಉತ್ತರದಿಂದ ಬಂದ ಮಾತು ಇಲ್ಲಿ ಬೇರು ಬಿಟ್ಟು, ಬೇಡ ಅನ್ನುವ ಮರಾಠಿಯ "ನಕೊ"ವನ್ನು "ನಕ್ಕೋ" ಮಾಡಿಕೊಂಡಿತು. ಆದರೆ ಮನೆಯಿಂದ ಮನೆಗೆ ದಾಟುತ್ತಲೇ ಬಂತು. ಎರಡನೇ ಇಬ್ರಾಹಿಂ ಆದಿಲ್‌ಶಾಹ ಈ ದಖ್ಖನಿಯಲ್ಲೇ ಹಾಡು ಕಟ್ಟಿದ, ಸರಸ್ವತಿಯನ್ನು ನೆನೆದು. ಆಸ್ಥಾನದಲ್ಲಿ ಬೆಳೆದ ಮಾತು ಅದು. ಲುಮೆಗೆ ಆಸ್ಥಾನ ಸಿಗಲಿಲ್ಲ.

ಕ್ರಿಯಾಪದ ಕೊನೆಗೆ ಬರುತ್ತದೆ. ಕನ್ನಡದ ಪ್ರಭಾವ ಅಲ್ವಾ?

ನನ್ನ ತಲೆ ಕನ್ನಡದ್ದು, ಹಾಗಾಗಿ ನನಗೂ ಈ ಅನುಮಾನ ಬಂದಿತ್ತು. ಹೆಸರಾಂತ ಕ್ರಿಯೋಲ್‌ಗಳಲ್ಲಿ ಬಹುತೇಕ ಕ್ರಿಯಾಪದ ನಡುವೆ ಬರುತ್ತದೆ. ಮಹಾರಾಷ್ಟ್ರದ ರಾಯಗಡ ಜಿಲ್ಲೆಯ ಕೊರ್ಲೈ ಬಗ್ಗೆ ಓದಿದ ಮೇಲೆ ಧೈರ್ಯ ಬಂತು. ಅಲ್ಲಿ ಪೋರ್ಚುಗೀಸ್ ಪದಗಳ ಕ್ರಿಯೋಲ್ ಒಂದು ಇವತ್ತಿಗೂ ಬದುಕಿದೆ. ಪಕ್ಕದ ಚೌಲ್ 1740ರಲ್ಲಿ ಪೋರ್ಚುಗೀಸರ ಕೈಯಿಂದ ಮರಾಠರ ಕೈಗೆ ಹೋಯಿತು. ಆಮೇಲೆ ಸುತ್ತಲೂ ಮರಾಠಿ. ಆ ಕ್ರಿಯೋಲಿನ ಕ್ರಿಯಾಪದ ಮೆಲ್ಲಗೆ ವಾಕ್ಯದ ಕೊನೆಗೆ ಸರಿಯಿತು. ಕರವದಲ್ಲಿ ಡುವ, ತೊರಗ, ನಿಯ್ಯ ಮೂರೂ ಕ್ರಿಯಾಪದವನ್ನು ಕೊನೆಗೇ ಇಡುತ್ತವೆ. ಮಿಕ್ಕ ವಿಷಯದಲ್ಲಿ ಕೂಡದ ಮೂರೂ ಗುಂಪು ಇದೊಂದರಲ್ಲಿ ಕೂಡಿದ್ದರು. ಹಾಗಾಗಿ ಅದು ಉಳಿಯಿತು.

ಲಿಪಿ ಇದೆಯಾ?

ಇಲ್ಲ. ಕಲ್ಲಿನ ಮೇಲೆ ಪ್ರತಿ ತಂಡದ್ದೂ ಒಂದು ಉಳಿ ಗುರುತು ಇರುತ್ತದೆ, ಅಷ್ಟೇ.

ಯಜಮಾನರು ಲುಮೆ ಕಲಿತರಾ?

ಅವರ ಮಕ್ಕಳು ಕಲಿತರು. ಅವರನ್ನು ಎತ್ತಿ ಆಡಿಸಿದವರು ಡುವ ಹೆಂಗಸರು. ಮೂರನೇ ತಲೆಮಾರಿಗೆ ಯಜಮಾನರ ಮನೆಯ ಅಡುಗೆಮನೆಯಲ್ಲಿ ಲುಮೆ, ಪಡಸಾಲೆಯಲ್ಲಿ ಇಶ್ಮಾರಿ. ನಾಲ್ಕನೇ ಕಥೆ ಪೂರ್ತಿ ಈ ಬಾಗಿಲಿನ ಬಗ್ಗೆಯೇ.

ನಾನೂ ಇಂಥ ಭಾಷೆ ಕಟ್ಟಬೇಕು. ಎಲ್ಲಿಂದ ಶುರು ಮಾಡಲಿ?

ಪದಗಳಿಂದ ಬೇಡ. ನಾನು ಮೊದಲ ಸಲ ಹಾಗೇ ಮಾಡಿದ್ದೆ. ಮೂರು ಭಾಷೆ ಮಾಡಿ, ಮೂರರಿಂದಲೂ ಸಮ ಪಾಲು ಪದ ತೆಗೆದು ಸೇರಿಸಿದೆ. ಆರು ತಿಂಗಳ ಕೆಲಸ. ಅದರಲ್ಲಿ ಯಾರೂ ಬದುಕಿದ್ದ ಹಾಗೆ ಅನ್ನಿಸಲಿಲ್ಲ. ಎಲ್ಲ ಬಿಟ್ಟು ಮತ್ತೆ ಶುರು ಮಾಡಿದೆ.

ಮೊದಲು ಜನರನ್ನು ಎಣಿಸಿ. ಯಾರು ಯಾರನ್ನು ದುಡಿಸುತ್ತಾರೆ, ಯಾರು ಎಷ್ಟು ಜನ, ಹೆಂಗಸರು ಇದ್ದಾರಾ, ಮೊದಲ ಮಗು ಎಷ್ಟನೇ ವರ್ಷ ಹುಟ್ಟಿತು, ಆ ಮಗುವನ್ನು ಹಗಲು ಯಾರು ನೋಡಿಕೊಳ್ಳುತ್ತಾರೆ. ಕೊನೆಯ ಪ್ರಶ್ನೆ ಮರೆಯಬೇಡಿ. ಕರವದಲ್ಲಿ ಹಗಲು ಮಕ್ಕಳನ್ನು ನೋಡಿಕೊಳ್ಳುತ್ತಿದ್ದವರು ಕೈಕಾಲು ಕಳೆದುಕೊಂಡ ಆಳುಗಳು. ಅವರ ಮಾತಿನ ಬಣ್ಣ ಲುಮೆಗೆ ಎಲ್ಲರಿಗಿಂತ ಜಾಸ್ತಿ ಹತ್ತಿತು. ಆಮೇಲೆ ಒಂದು ದಿನದ ಕೆಲಸ ಬರೆಯಿರಿ, ಬೆಳಿಗ್ಗೆಯಿಂದ ಸಂಜೆವರೆಗೆ ಕೇಳುವ ಆಜ್ಞೆಗಳ ಸಮೇತ. ನಿಮ್ಮ ಮೊದಲ ಐವತ್ತು ಪದ ಅಲ್ಲೇ ಇರುತ್ತವೆ.

ಲುಮೆಯಲ್ಲಿ ಒಂದು ಪೂರ್ತಿ ತುಣುಕು ಕೊಡಿ.

ಇದು ಜೋಗುಳ.

ಆಲೊ ಆಲೊ, ಜು ಬೇಮಿ.
ಗೇಸು ಆಲೊ ಟೊಂ, ಟೋವಿ ಆಲೊ ಟೊಂ.
ಹೆ ಗೇಸು ಲುಮೆ ಮಶ್, ಹೆ ಲುಮೆ ಸಿ.
ಜುಹೆ ಒಪ್ಪೊ ನೊಕ ಸಿ.

ಮಲಗು ಮಲಗು, ನನ್ನ ಮಗುವೇ. ಕಲ್ಲು ಮಲಗಿತು, ನೀರು ಮಲಗಿತು. ನೀನು ಕಲ್ಲು ಎತ್ತಬೇಡ, ನೀನು ಮಾತಾಡುವೆ. ನಾನೂ ನೀನೂ ಗಂಜಿ ಉಣ್ಣೋಣ, ನಾಳೆ.

ಮೂರನೇ ಸಾಲಿನಲ್ಲಿ "ಲುಮೆ" ಎರಡು ಸಲ ಬಂದಿದೆ. ಒಮ್ಮೆ ಎತ್ತುವುದು, ಒಮ್ಮೆ ಮಾತಾಡುವುದು. "ಮಶ್" ಅಂದರೆ ಬೇಡ, ಇಲ್ಲ, ಎರಡೂ. ಮಕ್ಕಳಿಗೆ "ಬೇಮಿ", ಅಂದರೆ ಮನುಷ್ಯ, ಅಂತಲೇ ಕರೆಯುತ್ತಾರೆ. ಯಜಮಾನರ ದಾಖಲೆಯಲ್ಲಿ ಆಳುಗಳ ಮಕ್ಕಳನ್ನು ಕಲ್ಲಿನ ಜೊತೆ ಎಣಿಸುತ್ತಿದ್ದರು.

ಈ ಪದಗಳನ್ನು ನಮ್ಮ ಕಥೆಯಲ್ಲಿ ಬಳಸಬಹುದಾ?

ಧಾರಾಳವಾಗಿ ಬಳಸಿ. ಹೊಸ ಪದ ಬೇಕಾದರೆ ನೀವೇ ಕಟ್ಟಿ, ಇಶ್ಮಾರಿ ಪದದ ತಲೆ ಬಾಲ ಕತ್ತರಿಸಿದರೆ ಆಯಿತು. "ಟೊಂ", "ಸಿ" ಎರಡನ್ನೂ ಕ್ರಿಯಾಪದಕ್ಕಿಂತ ಮೊದಲು ಹಾಕಬೇಡಿ, ಕೊನೆಗೇ ಬರಬೇಕು. ನಿಮ್ಮ ಕಥೆಯಲ್ಲಿ ಬೇರೆ ಗಣಿಯ ಬೇರೆ ಓಣಿ ಇದ್ದರೆ, ಅಲ್ಲಿನ ಮಕ್ಕಳು ಹೇಗೆ ಹೇಳುತ್ತಾರೆ ಅಂತ ನನಗೂ ಬರೆದು ತಿಳಿಸಿ.